ದಂಡದ ದುಡ್ಡು ವಾಪಸ್ ಕೇಳಿದವರು

ಇಂದು ಪದವಿ ಪಡೆಯುತ್ತಿರುವ ಕಾನೂನು ಮತ್ತು ಸಮಾಜಕಾರ್ಯದ ಮಿತ್ರರೇ,

1970ರ ದಶಕದ ಮೊದಲಲ್ಲಿ ಬೆಂಗಳೂರು ಜಲಮಂಡಳಿಯ ಕೆಲವು ನೌಕರರಿಗೆ ದುರ್ನಡತೆಯ ಆರೋಪದ ಮೇಲೆ ದಂಡ ಬಿತ್ತು, ಹಣವೂ ವಸೂಲಾಯಿತು. ನಮ್ಮ ಮಾತು ಸರಿಯಾಗಿ ಕೇಳದೆ ದಂಡ ಹಾಕಿದ್ದಾರೆ, ಕೊಡಿಸಿ ನಮ್ಮ ದುಡ್ಡು ಎಂದು ಅವರು ಕೈಗಾರಿಕಾ ವಿವಾದಗಳ ಕಾಯ್ದೆಯ ಆಸರೆ ಹಿಡಿದರು. ಮಂಡಳಿಯ ವಾದ ಬೇರೆಯೇ ಇತ್ತು: ನಾವು ಜನರಿಗೆ ನೀರು ಕೊಡುವವರು, ಅದು ಪ್ರಭುತ್ವದ ಕರ್ತವ್ಯ, ನಮ್ಮದು ಕೈಗಾರಿಕೆಯೇ ಅಲ್ಲ, ಆ ಕಾಯ್ದೆ ನಮಗೆ ತಾಗದು. ಹೈಕೋರ್ಟ್ ಒಪ್ಪಲಿಲ್ಲ. ಪ್ರಶ್ನೆ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠದ ಮುಂದೆ ಹೋಯಿತು.

1978ರ ಫೆಬ್ರವರಿಯಲ್ಲಿ ಬಂದ ತೀರ್ಪನ್ನು ನೀವೆಲ್ಲ ಪರೀಕ್ಷೆಗೆ ಓದಿದ್ದೀರಿ. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಕೇಳಿದ್ದು ಸರಳವಾದ ಪ್ರಶ್ನೆಗಳನ್ನು. ಕೆಲಸ ವ್ಯವಸ್ಥಿತವಾಗಿ ನಡೆಯುತ್ತಿದೆಯೇ? ಕೆಲಸ ಕೊಡುವವರೂ ಮಾಡುವವರೂ ಕೂಡಿ ನಡೆಸುತ್ತಿದ್ದಾರೆಯೇ? ಜನರಿಗೆ ಬೇಕಾದ ಸರಕೋ ಸೇವೆಯೋ ಅದರಿಂದ ಸಿಗುತ್ತಿದೆಯೇ? ಹೌದಾದರೆ ಅದು ಕೈಗಾರಿಕೆ, ಲಾಭದ ಉದ್ದೇಶ ಇರಲಿ ಬಿಡಲಿ. ಆಸ್ಪತ್ರೆ, ವಿಶ್ವವಿದ್ಯಾಲಯಗಳೂ ಆ ವ್ಯಾಪ್ತಿಗೆ ಬಂದವು. 1963ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಬಸ್ ಚಾಲಕರಿಗೆ, ನಿಮ್ಮ ಸಂಸ್ಥೆಯ ಮುಖ್ಯ ಕೆಲಸ ಪಾಠ ಹೇಳುವುದು, ಹಾಗಾಗಿ ಅದು ಕೈಗಾರಿಕೆಯಲ್ಲ ಎಂದಿದ್ದ ತೀರ್ಪು ಬಿದ್ದುಹೋಯಿತು. ಪಾಠದ ಘನತೆ ಚಾಲಕನ ಹಕ್ಕನ್ನು ಮುಚ್ಚಿಹಾಕಬಾರದು ಎಂಬುದೇ ಇದರ ಅರ್ಥ ಎಂದು ನಾನು ನಂಬಿದ್ದೇನೆ.

ನಾಳೆ ನೀವು ಎಚ್‌ಆರ್ ವಿಭಾಗಕ್ಕೋ ವಕೀಲಿಕೆಗೋ ಕಾರ್ಮಿಕ ಇಲಾಖೆಗೋ ಹೋಗುತ್ತೀರಿ. ಅಲ್ಲಿ ಮೊದಲು ಕಿವಿಗೆ ಬೀಳುವ ಮಾತು, ‘ನಮ್ಮ ಕಂಪನಿ ಒಂದು ಕುಟುಂಬ ಇದ್ದಂತೆ’. ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಆಲನ್ ಫಾಕ್ಸ್ 1966ರಲ್ಲೇ ಈ ನೋಟವನ್ನು ಗುರುತಿಸಿ ಏಕತ್ವ ದೃಷ್ಟಿ ಎಂದು ಕರೆದರು. ಕುಟುಂಬ ಎಂದು ನಂಬಿದವರಿಗೆ ಜಗಳ ಎಂದರೆ ಯಾರೋ ಹೊರಗಿನವರು ಹಚ್ಚಿದ ಬೆಂಕಿ. ಸಂಘ ಕಟ್ಟುವವನು ಮನೆಮುರುಕ. ಎರಡನೆಯದಾದ ಬಹುತ್ವ ದೃಷ್ಟಿಯವರು ಹಿತಗಳು ಬೇರೆಬೇರೆ ಎಂದು ಒಪ್ಪಿಕೊಂಡು, ಚೌಕಾಶಿಗೆ ನಿಯಮ ಕಟ್ಟುತ್ತಾರೆ. ಮೂರನೆಯ, ಮೂಲಗಾಮಿ ದೃಷ್ಟಿ ಕೇಳುವುದು: ಒಂದು ತಿಂಗಳು ಸಂಬಳ ನಿಂತರೆ ಒಲೆ ಆರುವವನೂ, ಒಂದು ತಿಂಗಳು ಯಂತ್ರ ನಿಂತರೂ ತಡೆದುಕೊಳ್ಳುವವನೂ ಸಮಾನವಾಗಿ ಚೌಕಾಶಿ ಮಾಡುವುದು ಹೇಗೆ?

ಕುಟುಂಬದ ಮಾತು ಬಂದಾಗಲೆಲ್ಲ ನನಗೆ ಅಹಮದಾಬಾದ್ ನೆನಪಾಗುತ್ತದೆ. 1918ರಲ್ಲಿ ಅಲ್ಲಿ ಗಿರಣಿ ಮಾಲೀಕರ ಮುಂದಾಳು ಅಂಬಾಲಾಲ್ ಸಾರಾಭಾಯಿ. ಕಾರ್ಮಿಕರ ಜೊತೆ ನಿಂತವರು ಅವರ ಒಡಹುಟ್ಟಿದ ಅಕ್ಕ ಅನಸೂಯಾ. ಪ್ಲೇಗ್ ಕಾಲದಲ್ಲಿ ಕೊಡುತ್ತಿದ್ದ ಬೋನಸ್ ನಿಂತಿತ್ತು. ಕಾರ್ಮಿಕರು ಕೇಳಿದ್ದು ಶೇ. 50 ಏರಿಕೆ, ಮಾಲೀಕರು ಒಪ್ಪಿದ್ದು ಶೇ. 20, ಗಾಂಧೀಜಿ ಲೆಕ್ಕ ಹಾಕಿ ನ್ಯಾಯವೆಂದು ಹೇಳಿದ್ದು ಶೇ. 35. ಅವರ ಉಪವಾಸದ ನಂತರ ವಿಷಯ ಮಧ್ಯಸ್ಥಿಕೆಗೆ ಹೋಗಿ ಕೊನೆಗೆ 35 ಸಿಕ್ಕಿತು. ಗಾಂಧೀಜಿ ಮಾಲೀಕನನ್ನು ಧರ್ಮದರ್ಶಿ ಎಂದು ಕಂಡವರು, ಸಾಮರಸ್ಯ ಬಯಸಿದವರು. ಆದರೂ ಅವರು ಮೊದಲು ಒಪ್ಪಿಕೊಂಡದ್ದು, ಇಲ್ಲಿ ಒಂದು ಜಗಳ ಇದೆ ಮತ್ತು ಅದಕ್ಕೆ ಕಾರಣ ಇದೆ ಎಂಬುದನ್ನು. ಒಂದೇ ಮನೆಯ ಅಕ್ಕತಮ್ಮಂದಿರ ನಡುವೆಯೂ ಕೂಲಿಯ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿದಿತ್ತು.

ನಮ್ಮದೇ ಊರಿನ ಇನ್ನೊಂದು ಚಿತ್ರ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು. ಪಿಎಫ್‌ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮ ಅವರನ್ನು ಕಂಗೆಡಿಸಿತ್ತು. ಹೊಲಿಗೆ ಯಂತ್ರದ ಮುಂದೆ ಕೂತು ಕಣ್ಣು, ಸೊಂಟ ಸವೆಸಿಕೊಂಡು ಕೆಲವೇ ವರ್ಷಗಳಲ್ಲಿ ಕೆಲಸ ಬಿಡುವವರಿಗೆ ಮಗಳ ಫೀಸು, ಮನೆಯ ಸಾಲ, ಆಸ್ಪತ್ರೆ ಎಲ್ಲಕ್ಕೂ ಆ ಇಡಿಗಂಟೇ ದಿಕ್ಕು. ದೊಡ್ಡ ಸಂಘದ ಕರೆ ಇಲ್ಲದೆಯೇ ಹೊರಬಂದವರು ಅವರು. ಎರಡನೆಯ ದಿನವೇ ಕೇಂದ್ರ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ನನ್ನನ್ನು ಕಾಡುವುದು ಗೆಲುವಲ್ಲ, ಅದರ ಹಿಂದಿನ ಕೊರತೆ: ತಮ್ಮ ಆತಂಕ ಹೇಳಿಕೊಳ್ಳಲು ಅವರಿಗೆ ಹೊಸೂರು ರಸ್ತೆಯ ಹೊರತು ಬೇರೆ ಜಾಗ ಇರಲಿಲ್ಲ. ಬಹುತ್ವ ದೃಷ್ಟಿ ಬಯಸುವ ಮಾತುಕತೆಯ ಮೇಜೇ ಅಲ್ಲಿ ಇರಲಿಲ್ಲ.

2025ರ ನವೆಂಬರ್ 21ರಿಂದ ಆ ಹಳೆಯ ಕೈಗಾರಿಕಾ ವಿವಾದಗಳ ಕಾಯ್ದೆಯ ಜಾಗದಲ್ಲಿ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಿದೆ. ‘ಕೈಗಾರಿಕೆ’ಯ ವ್ಯಾಖ್ಯೆ ಮತ್ತೆ ಬದಲಾಗಿದೆ, ಕೆಲವು ಧರ್ಮಾರ್ಥ ಸಂಸ್ಥೆಗಳು, ಮನೆಗೆಲಸ, ಪ್ರಭುತ್ವದ ಕಾರ್ಯಗಳು ಹೊರಗುಳಿದಿವೆ. ಈ ಗೆರೆಗಳು ಎಲ್ಲಿ ಬೀಳಬೇಕು ಎಂದು ಇನ್ನು ಮುಂದೆ ವಾದಿಸುವವರು ನೀವು.

ಇನ್ನೊಂದು ಗಂಟೆಯಲ್ಲಿ ಫೋಟೋ ತೆಗೆಸಿಕೊಂಡು ನಾವೆಲ್ಲ ಹೊರಡುತ್ತೇವೆ. ಆಗ ಕೆಲವರು ಪೊರಕೆ ಹಿಡಿದು ಈ ಸಭಾಂಗಣದ ಒಳಗೆ ಬರುತ್ತಾರೆ, ಕುರ್ಚಿ ಜೋಡಿಸುತ್ತಾರೆ. ಹೊರಡುವ ಮುನ್ನ ಅವರನ್ನು ಮಾತಾಡಿಸಿ. ಅವರ ಹಾಜರಿ ಪುಸ್ತಕ ಇರುವುದು ವಿಶ್ವವಿದ್ಯಾಲಯದ ಬಳಿಯೋ ಗುತ್ತಿಗೆದಾರನ ಬಳಿಯೋ, ಪಿಎಫ್ ಕಟ್ಟುತ್ತಿದ್ದಾರೋ ಇಲ್ಲವೋ, ಕೇಳಿ ತಿಳಿದುಕೊಳ್ಳಿ.