ಮನೆಯಲ್ಲಿ ಕಟ್ಟಿದ ರೇಡಿಯೋ

ಪುರಾಣಗಳಲ್ಲಿ ಆಗಾಗ ಆಕಾಶವಾಣಿಯಾಗುತ್ತದೆ. ದೇವಕಿಯನ್ನು ರಥದಲ್ಲಿ ಕೂರಿಸಿಕೊಂಡು ಹೊರಟ ಕಂಸನಿಗೆ ಆಕಾಶದಿಂದ ಮಾತು ಕೇಳಿಸಿತು. ಅವನು ಕೇಳಿದ, ನಡುಗಿದ, ಕತ್ತಿ ಹಿರಿದ. ಆ ಮಾತು ಎಲ್ಲಿಂದ ಹೊರಟಿತು, ಯಾವ ದಾರಿಯಾಗಿ ತನ್ನ ಕಿವಿಗೆ ಬಂದು ತಲುಪಿತು ಎಂದು ಅವನು ವಿಚಾರಿಸಿದಂತೆ ಕಾಣೆ. ನಮ್ಮ ನಿಮ್ಮ ಸ್ಥಿತಿಯೂ ಬಹುಮಟ್ಟಿಗೆ ಹಾಗೆಯೇ. ಬೆಳಗ್ಗೆ ಎದ್ದು ರೇಡಿಯೋ ತಿರುಗಿಸುತ್ತೇವೆ, ಮಾತು ಬರುತ್ತದೆ. ಬಾರದಿದ್ದರೆ ಎರಡು ಸಲ ತಟ್ಟುತ್ತೇವೆ. ಆಗಲೂ ಬಾರದಿದ್ದರೆ ಅಂಗಡಿಗೆ ಒಯ್ಯುತ್ತೇವೆ. ಪೆಟ್ಟಿಗೆಯ ಒಳಗೆ ಏನಿದೆ ಎಂಬ ಪ್ರಶ್ನೆ ನಮ್ಮನ್ನು ಬಾಧಿಸುವುದಿಲ್ಲ. ಬಾಧಿಸುವುದು ಮನೆಯಲ್ಲಿ ಒಬ್ಬರನ್ನು ಮಾತ್ರ, ಹನ್ನೆರಡು ಹದಿಮೂರು ವರ್ಷದ ಮಗುವನ್ನು. ಆ ಮಗು ಹಿಂದಿನ ಮುಚ್ಚಳದ ತಿರುಪನ್ನು ಬಿಚ್ಚುತ್ತಿದ್ದರೆ ನಾವು "ಮುಟ್ಟಬೇಡ, ಕೆಟ್ಟುಹೋಗುತ್ತೆ" ಎಂದು ಕೂಗುತ್ತೇವೆ.

ಇಂದು ನಾನು ಆ ತಿರುಪು ಬಿಚ್ಚುವ ಮಗುವಿನ ಪರವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಹಳಗನ್ನಡ ವ್ಯಾಕರಣ ಹೇಳಿಕೊಡುವ ಮೇಷ್ಟರಿಗೆ ತಂತಿ, ಮೊಳೆಗಳ ಸಹವಾಸವೇಕೆ ಎಂದು ನೀವು ಕೇಳಬಹುದು. ಶಬ್ದದ ಕಡೆಯಿಂದಲೇ ಆರಂಭಿಸುತ್ತೇನೆ. ಹೊಸದನ್ನು ಕಂಡುಹಿಡಿಯುವುದಕ್ಕೆ ಈಚೆಗೆ ಎಲ್ಲರೂ 'ಆವಿಷ್ಕಾರ' ಎನ್ನುತ್ತಾರೆ. ಬಚ್ಚಿಟ್ಟದ್ದನ್ನು ಬೆಳಕಿಗೆ ತರುವುದು ಎಂಬಷ್ಟೇ ಅದರ ಅರ್ಥ. ಇದಕ್ಕಿಂತ ಸೊಗಸಾದ ಇನ್ನೊಂದು ಹಳೆಯ ಮಾತಿದೆ, 'ಉಪಜ್ಞೆ'. ಗುರುವಿನಿಂದಾಗಲಿ ಗ್ರಂಥದಿಂದಾಗಲಿ ಪಡೆಯದೆ ತಾನೇ ಮೊದಲು ಅರಿತದ್ದು ಉಪಜ್ಞೆ. ಪಾಣಿನಿಯ ವ್ಯಾಕರಣವನ್ನು ಪಾಣಿನಿಯ ಉಪಜ್ಞೆ ಎಂದು ವೈಯಾಕರಣರು ಗೌರವದಿಂದ ಕರೆದಿದ್ದಾರೆ. ಈ ಮಾತಿನಲ್ಲಿ ಒತ್ತು ಬಿದ್ದಿರುವುದು ವಸ್ತುವಿನ ಮೇಲಲ್ಲ, ಅರಿವಿನ ಮೇಲೆ ಎಂಬುದನ್ನು ಗಮನಿಸಿ. ಲೋಕಕ್ಕೆ ಹಳೆಯದಾದ ಸಂಗತಿಯನ್ನು ಒಂದು ಮಗು ತನ್ನ ಕೈಯಿಂದ ಮಾಡಿ ತಾನೇ ಅರಿತರೆ, ಆ ಮಗುವಿನ ಮಟ್ಟಿಗೆ ಅದು ಉಪಜ್ಞೆಯೇ. ಪೇಟೆಂಟು ಸಿಕ್ಕದೆ ಇರಬಹುದು, ಅಷ್ಟೆ.

ರೇಡಿಯೋ ಎಂಬ ಈ ವಿದ್ಯೆಯೇ ಇಂಥ ಕೈಗೆಲಸದಿಂದ ಬೆಳೆದುಬಂದದ್ದು. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಜಗದೀಶಚಂದ್ರ ಬೋಸರು 1885ರಲ್ಲಿ ಅಧ್ಯಾಪಕರಾಗಿ ಸೇರಿದಾಗ ಸಂಶೋಧನೆಗೆ ತಕ್ಕ ಪ್ರಯೋಗಶಾಲೆಯೇ ಅಲ್ಲಿರಲಿಲ್ಲ. ತಮಗೆ ಬೇಕಾದ ಉಪಕರಣಗಳನ್ನು ಅವರು ಒಬ್ಬ ತವರದ ಕೆಲಸಗಾರನನ್ನು ಕೂರಿಸಿಕೊಂಡು ಮಾಡಿಸಿದರು. ವಿದ್ಯುತ್ತಿನ ಅಲೆಗಳು ಯಾವ ದಿಕ್ಕಿನಲ್ಲಿ ಕಂಪಿಸುತ್ತವೆಂದು ನೋಡಲು ಒಂದು ಸಾಧನ ಬೇಕಾಯಿತು. ಆಗ ಅವರು ಏನು ಮಾಡಿದರು ಗೊತ್ತೇ? ರೈಲುಗಾಡಿಯ ವೇಳಾಪಟ್ಟಿಯ ಪುಸ್ತಕವನ್ನು ತೆಗೆದುಕೊಂಡು, ಅದರ ಹಾಳೆಗಳ ನಡುವೆ ತವರದ ತೆಳು ತಗಡನ್ನು ಇರಿಸಿದರು. ಆ ಪುಸ್ತಕವೇ ಅಲೆಗಳನ್ನು ಸೋಸುವ ಯಂತ್ರವಾಯಿತು. ಹುರಿ ಮಾಡಿದ ಸೆಣಬಿನ ನಾರನ್ನೂ ಅವರು ಪ್ರಯೋಗಕ್ಕೆ ಬಳಸಿದ್ದುಂಟು. ಬಂಗಾಳದಲ್ಲಿ ಸೆಣಬಿಗೆ ಬರವೇ! 1895ರಲ್ಲಿ ಕಲ್ಕತ್ತೆಯ ಪುರಭವನದಲ್ಲಿ ಗೋಡೆಯ ಆಚೆಗೆ ಅಲೆಗಳನ್ನು ಕಳಿಸಿ, ತಂತಿಯ ಸಂಬಂಧವೇ ಇಲ್ಲದೆ ಗಂಟೆ ಬಾರಿಸಿ, ಮದ್ದು ಸಿಡಿಸಿ ತೋರಿಸಿದರು. ಆ ಅಲೆಗಳನ್ನು ಹಿಡಿಯಲು ಗೆಲೀನ ಎಂಬ ಸೀಸದ ಅದಿರಿನ ಹರಳನ್ನು ಬಳಸುವ ಅವರ ವಿಧಾನಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟು ದೊರೆಯಿತು. ಪೇಟೆಂಟಿನ ವಿಷಯದಲ್ಲಿ ಬೋಸರಿಗೆ ಆಸಕ್ತಿ ಇರಲಿಲ್ಲ. ಮಿತ್ರರ ಒತ್ತಾಯಕ್ಕೆ ಕಟ್ಟುಬಿದ್ದು ಅರ್ಜಿ ಹಾಕಿದ್ದು.

ಆ ಹರಳಿನ ವಂಶದಲ್ಲಿ ಹುಟ್ಟಿದ್ದೇ 'ಕ್ರಿಸ್ಟಲ್ ಸೆಟ್' ಎಂಬ ಅತಿ ಸರಳವಾದ ರೇಡಿಯೋ. ಇದಕ್ಕೆ ಬ್ಯಾಟರಿ ಬೇಡ, ಕರೆಂಟು ಬೇಡ. ದೂರದ ಕೇಂದ್ರ ಗಾಳಿಗೆ ಬಿಟ್ಟ ಶಕ್ತಿಯಲ್ಲಿ ಒಂದು ಕಣವನ್ನು ಹಿಡಿದುಕೊಂಡು ಅದರಿಂದಲೇ ಇದು ಮಾತನಾಡುತ್ತದೆ. ಎರಡನೆಯ ಮಹಾಯುದ್ಧದಲ್ಲಿ, 1944ರ ಸುಮಾರಿಗೆ, ಇಟಲಿಯ ಆಂಜಿಯೋ ಎಂಬಲ್ಲಿ ಗುಂಡಿಗಳಲ್ಲಿ ಅಡಗಿ ಕೂತಿದ್ದ ಸಿಪಾಯಿಗಳು ಹರಳೂ ಸಿಕ್ಕದೆ, ಕ್ಷೌರದ ಬ್ಲೇಡಿನ ಮೇಲೆ ಪೆನ್ಸಿಲಿನ ಸೀಸದ ಚೂರನ್ನು ಒಂದು ಪಿನ್ನಿನಿಂದ ತಾಗಿಸಿ ಈ ಸೆಟ್ಟನ್ನು ಮಾಡಿಕೊಂಡು ಸಂಗೀತ ಕೇಳಿದರು. ನಮಗೆ ಅಷ್ಟು ಕಷ್ಟವಿಲ್ಲ. ಹರಳಿನ ಬದಲು ಜರ್ಮೇನಿಯಂ ಡಯೋಡ್ ಎಂಬ ಗಾಜಿನ ಕಾಳು ಬಂದಿದೆ. ಅದು ನಮ್ಮ ಜೀರಿಗೆಗಿಂತ ಸ್ವಲ್ಪ ದಪ್ಪ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಹುಡುಕಿದರೆ ಸಿಕ್ಕುತ್ತದೆ.

ಮಾಡುವ ಬಗೆ ಹೇಳುತ್ತೇನೆ, ಕೇಳಿ. ಐದು ಸೆಂಟಿಮೀಟರ್ ಅಗಲದ ಒಂದು ರಟ್ಟಿನ ಕೊಳವೆ ತೆಗೆದುಕೊಳ್ಳಿ. ಅದರ ಮೇಲೆ ಎನಾಮೆಲ್ ಹಚ್ಚಿದ ತಾಮ್ರದ ತಂತಿಯನ್ನು ಸುತ್ತಿನ ಪಕ್ಕಕ್ಕೆ ಸುತ್ತು ತಾಗುವಂತೆ ಸುಮಾರು 90 ಸುತ್ತು ಸುತ್ತಬೇಕು. ಮಾಡಲು ಕೂತವರಿಗೆ ತಾಳ್ಮೆ ತಪ್ಪುವುದು ಇಲ್ಲಿಯೇ. 70ನೆಯ ಸುತ್ತಿನಲ್ಲಿ ಕೈ ಸಡಿಲಿತೋ, ಸುರುಳಿಯೆಲ್ಲ ಬಿಚ್ಚಿಕೊಂಡು ಮತ್ತೆ ಮೊದಲಿನಿಂದ. ಸುತ್ತಿದ ಮೇಲೆ ಉಪ್ಪು ಕಾಗದದಿಂದ ಕೊಳವೆಯ ಉದ್ದಕ್ಕೆ ಒಂದು ಗೆರೆಯಷ್ಟು ಎನಾಮೆಲ್ ಉಜ್ಜಿ ತೆಗೆಯಿರಿ. ಆ ಗೆರೆಯ ಮೇಲೆ ಒಂದು ಹಿತ್ತಾಳೆಯ ಪಟ್ಟಿ ಹಿಂದೆ ಮುಂದೆ ಜಾರುವಂತಿರಬೇಕು. ಸುರುಳಿಯ ಒಂದು ತುದಿಗೆ ಏರಿಯಲ್ ತಂತಿ. ಅದು 20-25 ಮೀಟರ್ ಉದ್ದವಿದ್ದು ಎತ್ತರದಲ್ಲಿ ಕಟ್ಟಿದಷ್ಟೂ ಒಳ್ಳೆಯದು. ಜಾರುವ ಪಟ್ಟಿಯಿಂದ ಒಂದು ತಂತಿ ನೆಲದಲ್ಲಿ ಹೂತ ಕಬ್ಬಿಣದ ಕೊಳವೆಗೆ. ಏರಿಯಲ್ ತುದಿಯಿಂದ ಡಯೋಡ್, ಡಯೋಡಿನಿಂದ ಇಯರ್‌ಫೋನ್, ಇಯರ್‌ಫೋನಿನ ಇನ್ನೊಂದು ತಂತಿ ಅದೇ ನೆಲದ ತಂತಿಗೆ. ಇಷ್ಟೇ.

ಇಯರ್‌ಫೋನ್ ವಿಷಯದಲ್ಲಿ ಒಂದು ತೊಡಕಿದೆ. ಮೊಬೈಲಿಗೆ ಹಾಕುವಂಥದು ಇದಕ್ಕೆ ಒಗ್ಗುವುದಿಲ್ಲ. ಅದನ್ನು ಅಲುಗಿಸುವಷ್ಟು ಬಲ ಈ ಬಡ ಸೆಟ್ಟಿಗೆ ಇಲ್ಲ. ಹಿಂದಿನ ಕಾಲದ ಕ್ರಿಸ್ಟಲ್ ಇಯರ್‌ಫೋನ್ ಬೇಕು. ಇಲ್ಲವಾದರೆ, ತೆರೆದೊಡನೆ ಹಾಡುವ ಶುಭಾಶಯ ಪತ್ರಗಳಿವೆಯಲ್ಲ, ಅವುಗಳಲ್ಲಿ ಕೆಲವದರ ಒಳಗೆ ತೆಳ್ಳನೆಯ ಹಿತ್ತಾಳೆ ಬಿಲ್ಲೆಯೊಂದಿರುತ್ತದೆ. ಅದನ್ನು ಕಿವಿಗೆ ಒತ್ತಿಕೊಂಡರೂ ನಡೆಯುತ್ತದೆ.

ಇದು ಕೆಲಸ ಮಾಡುವ ಬಗೆ ವಿಚಿತ್ರವೇನಲ್ಲ. ತೊಟ್ಟಿಲು ತೂಗಿದವರಿಗೆಲ್ಲ ಇದರ ಅರ್ಧ ತತ್ತ್ವ ಗೊತ್ತು. ಪ್ರತಿ ತೊಟ್ಟಿಲಿಗೂ ತನ್ನದೇ ಒಂದು ಲಯವಿದೆ. ಆ ಲಯಕ್ಕೆ ಸರಿಯಾಗಿ ಬೆರಳ ತುದಿಯಿಂದ ನೂಕಿದರೂ ತೊಟ್ಟಿಲು ದೂರ ತೂಗುತ್ತದೆ, ಲಯ ತಪ್ಪಿ ನೂಕಿದರೆ ಎಷ್ಟು ಬಲ ಹಾಕಿದರೂ ತಡವರಿಸುತ್ತದೆ. ಜಾರುವ ಪಟ್ಟಿಯನ್ನು ಸರಿಸಿದಾಗ ಸುರುಳಿಯ ಸುತ್ತುಗಳು ಹೆಚ್ಚು ಕಡಿಮೆಯಾಗಿ ಅದರ ಲಯ ಬದಲಾಗುತ್ತದೆ. ಯಾವ ಕೇಂದ್ರದ ಅಲೆಗೆ ಆ ಲಯ ಹೊಂದಿತೋ ಆ ಕೇಂದ್ರ ಮಾತ್ರ ಬಲವಾಗಿ ತೂಗುತ್ತದೆ. ಉಳಿದರ್ಧ ಡಯೋಡಿನದು. ಅಲೆ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಹಿಂದೆ ಮುಂದೆ ಹೋಗಿ ಬರುವುದರಿಂದ ಇಯರ್‌ಫೋನಿನ ಪದರ ಅದನ್ನು ಹಿಂಬಾಲಿಸಲಾರದು. ಡಯೋಡ್ ಒಂದು ಒಮ್ಮುಖದ ಬಾಗಿಲು. ಹೋಗಲು ಬಿಡುತ್ತದೆ, ಬರಲು ಬಿಡುವುದಿಲ್ಲ. ಹೀಗೆ ಒಂದೇ ಕಡೆಗೆ ಹರಿದುಬಂದ ವಿದ್ಯುತ್ತು, ಅತ್ತ ಮಾತನಾಡಿದವರ ದನಿ ಏರಿದಂತೆ ಏರಿ ಇಳಿದಂತೆ ಇಳಿಯುತ್ತದೆ. ಪದರ ಅದಕ್ಕೆ ತಕ್ಕಂತೆ ಅಲುಗಿ ನಿಮ್ಮ ಕಿವಿಗೆ ಮಾತಾಗುತ್ತದೆ.

ಈ ವಿವರಣೆಯನ್ನು ನನಗೆ ಹೇಳಿಕೊಟ್ಟವನು ಪುಸ್ತಕವಲ್ಲ, ಒಂಬತ್ತನೆಯ ತರಗತಿಯ ಒಬ್ಬ ಹುಡುಗ. ಕೆಲವು ವರ್ಷಗಳ ಹಿಂದಿನ ಮಾತು. ತೊಟ್ಟಿಲಿನ ಹೋಲಿಕೆ ನನ್ನದು, ಉಳಿದದ್ದೆಲ್ಲ ಅವನದು. ಕರ್ಮಧಾರಯಕ್ಕೂ ತತ್ಪುರುಷಕ್ಕೂ ಭೇದ ಕಾಣದವನು, ಸುರುಳಿಗೂ ಡಯೋಡಿಗೂ ಇರುವ ಸಂಬಂಧವನ್ನು ಕರಿಹಲಗೆಯ ಮೇಲೆ ಬರೆದು ತೋರಿಸುವಾಗ ಒಂದೇ ಒಂದು ಕಡೆ ತಡೆಯಲಿಲ್ಲ. ಒಂದು ಸಂಜೆ ಸೆಟ್ಟನ್ನು ಮನೆಗೆ ತಂದು ನನ್ನ ಕಿವಿಗೂ ಹಿಡಿದ. ಮೊದಲು ಮಳೆ ಹನಿದಂಥ ಸದ್ದು, ಆಮೇಲೆ ಬಹು ದೂರದಿಂದ ಎಂಬಂತೆ ಒಂದು ದನಿ, ಅಡಕೆಯ ಧಾರಣೆ ಹೇಳುತ್ತಿತ್ತು. "ಕೇಳಿಸ್ತಾ ಸಾರ್?" ಎಂದ. ನನಗೆ ಅಡಕೆ ತೋಟವಿಲ್ಲ. ಆದರೂ ಧಾರಣೆಯನ್ನು ಕೊನೆಯವರೆಗೂ ಕೇಳಿದೆ.

ಆ ವಾರವೇ ಅವನ ತಂದೆ ಶಾಲೆಗೆ ಬಂದರು. ಕೈಯಲ್ಲಿ ಒಂದು ಬಟ್ಟೆಯ ಚೀಲ, ಒಳಗೆ ಬಿಚ್ಚಿಹಾಕಿದ ಮನೆಯ ರೇಡಿಯೋ. "ಮೇಷ್ಟ್ರೇ, ನೀವು ಹೇಳಿದರೆ ಕೇಳ್ತಾನೆ. ಎಸ್ಸೆಸ್ಸೆಲ್ಸಿ ಮುಗಿಯೋ ತನಕ ಇದನ್ನೆಲ್ಲ ಮುಟ್ಟಬೇಡ ಅನ್ನಿ. ಆಮೇಲೆ ಏನಾದರೂ ಮಾಡಿಕೊಳ್ಳಲಿ" ಎಂದರು. ಅವರ ಕೋಪದಲ್ಲಿ ನ್ಯಾಯವಿತ್ತು. ದುಡ್ಡು ಕೊಟ್ಟು ತಂದ ರೇಡಿಯೋ, ಮಗನ ಅಂಕಗಳೂ ಚೆನ್ನಾಗಿರಲಿಲ್ಲ. ನಾನು ಅವರಿಗೆ ಹೇಳಿದ್ದು ಇಷ್ಟು: "ಸ್ವಾಮಿ, ಮನೆಯ ರೇಡಿಯೋ ಮುಟ್ಟಬಾರದು, ಅದು ಸರಿ. ಅವನದೇ ಎಂದು ಒಂದು ಡಬ್ಬ ಕೊಡಿ. ಮನೆಯಲ್ಲಿ ಕೆಟ್ಟದ್ದೆಲ್ಲ ಅದಕ್ಕೆ ಹೋಗಲಿ. ಆದರೆ ಎರಡು ವರ್ಷ ತಡೆ ಎನ್ನಬೇಡಿ. ಹದಿನಾಲ್ಕನೆಯ ವಯಸ್ಸಿನಲ್ಲಿ ಬೆರಳಿಗೆ ಇರುವ ಪ್ರಶ್ನೆ ಹದಿನಾರಕ್ಕೆ ಇರುತ್ತದೆಂದು ಹೇಳಲಾಗುವುದಿಲ್ಲ." ಅವರು ಒಪ್ಪಿದರೋ ಬಿಟ್ಟರೋ ತಿಳಿಯಲಿಲ್ಲ. ಚೀಲವನ್ನು ತೆಗೆದುಕೊಂಡು ಹೊರಟುಹೋದರು. ಹುಡುಗ ಮಾತ್ರ ಪರೀಕ್ಷೆಯವರೆಗೂ ಸೆಟ್ಟಿನ ಸುದ್ದಿ ಎತ್ತಲಿಲ್ಲ.

ಇದನ್ನು ಒಂದು ಮನೆಯ ಕಥೆ ಎಂದು ಹೇಳುತ್ತಿಲ್ಲ. ಶಾಲೆಗಳಲ್ಲಿ ವಿಜ್ಞಾನ ಪ್ರದರ್ಶನ ನಡೆಯುವಾಗ ನೋಡಿ. ಜ್ವಾಲಾಮುಖಿ, ಗಾಳಿಯಂತ್ರ, ಹೃದಯ, ಎಲ್ಲವೂ ಅಂಗಡಿಯಿಂದ ಪೊಟ್ಟಣದಲ್ಲಿ ಬಂದಿರುತ್ತವೆ. ಬಹುಮಾನ ಬರುವುದು ಅವುಗಳಲ್ಲಿ ಹೆಚ್ಚು ಬೆಲೆಯದಕ್ಕೆ. ಅಂಕುಡೊಂಕಾಗಿ ಸುತ್ತಿದ ಒಂದು ಸುರುಳಿ ಮೂಲೆಯಲ್ಲಿ ಕೂತಿದ್ದರೆ ತೀರ್ಪುಗಾರರು ನಿಲ್ಲದೆ ಮುಂದೆ ಹೋಗುತ್ತಾರೆ. ನನಗೆ ಇದು ಸ್ವಲ್ಪವೂ ಸರಿಬರುವುದಿಲ್ಲ. ಕೊಂಡು ತಂದ ಪದ್ಯವನ್ನು ಕವಿಗೋಷ್ಠಿಯಲ್ಲಿ ಓದಿದರೆ ನಾವು ಸುಮ್ಮನಿರುತ್ತೇವೆಯೇ?

ಮನೆಯಲ್ಲಿ ಕಟ್ಟುವುದು ಮಕ್ಕಳಾಟ ಎಂದು ತಿಳಿದವರಿಗೆ ಮೈಸೂರಿನ ಒಂದು ಸಂಗತಿ ನೆನಪು ಮಾಡಬೇಕು. ಮಹಾರಾಜಾ ಕಾಲೇಜಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರಿದ್ದರು. ಅವರು ಎಂಜಿನಿಯರಲ್ಲ, ಮನಶ್ಶಾಸ್ತ್ರದ ಅಧ್ಯಾಪಕರು. 1935ರ ಸೆಪ್ಟೆಂಬರಿನಲ್ಲಿ ಅವರು ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲಿ ಒಂದು ಬಾನುಲಿ ಕೇಂದ್ರವನ್ನು ಆರಂಭಿಸಿದರು. ಅದರ ಪ್ರೇಷಕದ ಬಲ 30 ವಾಟ್. ಹಿಂದೆ ನಮ್ಮ ಮನೆಗಳಲ್ಲಿ ಉರಿಯುತ್ತಿದ್ದ ಬಲ್ಬು ಕೂಡ 40 ವಾಟಿನದಿರುತ್ತಿತ್ತು! ಅಂಥ ದೀಪದ ಹುಳುವಿನಷ್ಟು ಶಕ್ತಿಯಿಂದ ಆ ಮಹನೀಯರು ಊರಿಗೆ ಮಾತು, ಸಂಗೀತ ಕೇಳಿಸಿದರು. ಸ್ವಂತ ಹಣ ಹಾಕಿದರು. ಮುಂದೆ 250 ವಾಟಿನ ಯಂತ್ರವನ್ನು ಹೊರದೇಶದಿಂದ ತರಿಸಿದರು. 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಳ್ಳುವವರೆಗೂ ನಡೆಸಿಕೊಂಡು ಬಂದರು. 1955ರಲ್ಲಿ ಬೆಂಗಳೂರಿನಲ್ಲಿ ದೊಡ್ಡ ಕೇಂದ್ರ ಆರಂಭವಾಯಿತು. ಆ ಮನೆಯ ಕೇಂದ್ರಕ್ಕಿದ್ದ ಹೆಸರು 'ಆಕಾಶವಾಣಿ'. 1950ರ ದಶಕದಲ್ಲಿ ಇಡೀ ದೇಶದ ಬಾನುಲಿ ಅದೇ ಹೆಸರನ್ನು ಇಟ್ಟುಕೊಂಡಿತು. ಕಂಸ ಕೇಳದೆ ಬಿಟ್ಟ ಪ್ರಶ್ನೆಯನ್ನು ಮೈಸೂರಿನ ಒಬ್ಬ ಮೇಷ್ಟರು ಕೇಳಿ, ಉತ್ತರವನ್ನು ತಮ್ಮ ಮನೆಯಲ್ಲೇ ಕಟ್ಟಿ ನಿಲ್ಲಿಸಿದರೆನ್ನಬಹುದು. ಯಂತ್ರವನ್ನು ಅವರು ಹೊಸದಾಗಿ ಕಂಡುಹಿಡಿಯಲಿಲ್ಲ, ನಿಜ. ಆದರೆ ಮನೆಯಿಂದಲೂ ಒಂದು ಊರನ್ನು ಮಾತಾಡಿಸಬಹುದೆಂಬ ಅರಿವು ಆ ಊರಿನ ಮಟ್ಟಿಗೆ ಅವರ ಉಪಜ್ಞೆಯೇ.

ಇನ್ನೊಂದು ಮಾತನ್ನು ಹೇಳದೆ ಹೋದರೆ ತಪ್ಪಾದೀತು. ಕ್ರಿಸ್ಟಲ್ ಸೆಟ್ಟಿಗೆ ಕೇಳಿಸುವುದು ಮಧ್ಯಮ ತರಂಗದ ಕೇಂದ್ರಗಳು. ಎಫ್.ಎಂ. ಅಲೆಗಳನ್ನು ಹೀಗೆ ಸುಲಭವಾಗಿ ಹಿಡಿಯಲಾಗುವುದಿಲ್ಲ. ಈಚೆಗೆ ದೇಶದ ಹಲವು ಕಡೆ ಮಧ್ಯಮ ತರಂಗದ ಪ್ರೇಷಕಗಳನ್ನು ನಿಲ್ಲಿಸಿದ್ದಾರೆ. ಖರ್ಚಿನ ಲೆಕ್ಕ ಅವರಿಗೆ ಗೊತ್ತು, ನಾನು ಅದರಲ್ಲಿ ಬಾಯಿ ಹಾಕುವವನಲ್ಲ. ಆದರೆ ಆ ಲೆಕ್ಕದಲ್ಲಿ ಒಂದು ಬಾಬು ಬಿಟ್ಟುಹೋಗಿದೆ: ಒಂದು ಮಗು ರಟ್ಟು, ತಂತಿ, ಒಂದು ಗಾಜಿನ ಕಾಳು ಇಷ್ಟರಿಂದ, ಒಂದು ಪೈಸೆಯ ಕರೆಂಟಿಲ್ಲದೆ, ಆಕಾಶದ ಮಾತನ್ನು ತಾನೇ ಹಿಡಿಯಬಹುದಾದ ದಾರಿ ಅದೊಂದೇ. ಎಲ್ಲವೂ ನಿಂತ ಮೇಲೆ 90 ಸುತ್ತು ಸುತ್ತಿದ ಸುರುಳಿಗೆ ಮಳೆ ಹನಿದಂಥ ಸದ್ದು ಬಿಟ್ಟು ಬೇರೇನೂ ಕೇಳಿಸಲಾರದು.

ಆದ್ದರಿಂದ ಮಾಡುವುದಿದ್ದರೆ ಈಗಲೇ ಮಾಡಿಸಿ. ರಾತ್ರಿ ಊಟವಾದ ಮೇಲೆ ಪ್ರಯತ್ನಿಸಿ, ಆಗ ದೂರದ ಕೇಂದ್ರಗಳು ಚೆನ್ನಾಗಿ ಬರುತ್ತವೆ. ಏರಿಯಲ್ ತಂತಿಯನ್ನು ವಿದ್ಯುತ್ ಕಂಬದ ತಂತಿಗಳ ಹತ್ತಿರ ಎಳೆಯಕೂಡದು. ನೆಲದ ತಂತಿಗೆಂದು ಗೋಡೆಯ ಪ್ಲಗ್ಗಿನ ತಂಟೆಗೆ ಮಕ್ಕಳು ಹೋಗಲೇಕೂಡದು. ಅಂಗಳದಲ್ಲಿ ಹೂತ ಕಬ್ಬಿಣದ ಕೊಳವೆಯೇ ಸಾಕು, ಸುತ್ತ ಒಂದು ಚೊಂಬು ನೀರು ಹೊಯ್ದರೆ ಇನ್ನೂ ಒಳ್ಳೆಯದು. ಮಳೆಗಾಲದಲ್ಲಿ ದೂರದಲ್ಲಿ ಗುಡುಗಿನ ಸದ್ದು ಕೇಳಿದೊಡನೆ ಸೆಟ್ಟನ್ನು ಬಿಟ್ಟು ಎದ್ದುಬಿಡಿ. ಮೋಡ ತಿಳಿಯಾಗಿರುವ ದಿನವೂ, ಕೇಳಿ ಮುಗಿದ ಕೂಡಲೇ ಏರಿಯಲನ್ನು ಸೆಟ್ಟಿನಿಂದ ಬಿಚ್ಚಿ ಮನೆಯ ಹೊರಗೇ ನೆಲದ ಕೊಳವೆಗೆ ಕಟ್ಟಿಡುವ ಅಭ್ಯಾಸ ಮಾಡಿಸಿ.