ಅಡುಗೆಮನೆಯ ಕ್ಯಾಲೆಂಡರೂ ಎಐ ನೆನಪೂ
(ಮಹಿಳಾ ವೇದಿಕೆಯ ಮಾಸಿಕ ಕೂಟದಲ್ಲಿ ಆಡಿದ ಮಾತಿನ ಬರಹರೂಪ)



ಎಐ ಬಗ್ಗೆ ಮಾತಾಡಿ ಎಂದು ಕಾರ್ಯದರ್ಶಿಗಳು ಫೋನ್ ಮಾಡಿದಾಗ ನಾನು ನಕ್ಕುಬಿಟ್ಟೆ. ನಾನು ಬ್ಯಾಂಕಿನಲ್ಲಿ ದುಡಿದು ನಿವೃತ್ತಳಾದವಳು, ಕಂಪ್ಯೂಟರ್ ಓದಿದವಳಲ್ಲ. "ನೀವು ಅತ್ತೆಯವರ ಔಷಧಿಗೆ ಅದನ್ನು ಬಳಸುತ್ತೀರಲ್ಲ, ಅದನ್ನೇ ಹೇಳಿ" ಎಂದರು. ಅಷ್ಟನ್ನೇ ಹೇಳುತ್ತೇನೆ.

ಧಾರವಾಡದಿಂದ ಮದುವೆಯಾಗಿ ಪುಣೆಗೆ ಬಂದಾಗ ನಮ್ಮ ಅಡುಗೆಮನೆಯ ಗೋಡೆಯಲ್ಲಿ ಕಾಲನಿರ್ಣಯ ತೂಗುತ್ತಿತ್ತು. ನಿಮ್ಮ ಮನೆಗಳಲ್ಲೂ ಇದ್ದೀತು. ಏಕಾದಶಿ, ಸಂಕಷ್ಟಿ ನೋಡಲು ತಂದದ್ದು ನಿಜ, ಆದರೆ ಮನೆಯ ಲೆಕ್ಕವೆಲ್ಲ ಅದರಲ್ಲೇ. ಹಾಲಿನವ ಬಾರದ ದಿನಕ್ಕೆ ಒಂದು ಸೊನ್ನೆ, ಸಿಲಿಂಡರ್ ಹಚ್ಚಿದ ದಿನಕ್ಕೆ ಒಂದು ಗುರುತು, ಕೆಲಸದ ಬಾಯಿಯ ರಜೆಗೆ ಒಂದು ಗೀಟು. ಬರೆಯುತ್ತಿದ್ದವರು ಅತ್ತೆ. ಆದರೆ ಯಾರು ಬೇಕಾದರೂ ಓದಬಹುದಿತ್ತು, ತಪ್ಪಿದ್ದರೆ ತಿದ್ದಬಹುದಿತ್ತು.

ಅದೇ ಅತ್ತೆಗೆ ಈಗ ಎಂಬತ್ತನಾಲ್ಕು. ಬಿಪಿ ಇದೆ, ಶುಗರ್ ಇದೆ, ಮೊಣಕಾಲು ನೋವು ಇದೆ. ಮೂವರು ಡಾಕ್ಟರು, ಮೂರು ಫೈಲು. ಡಾಕ್ಟರ ಹತ್ತಿರ ಏನು ಕೇಳಬೇಕು, ವಾರದ ಅಡುಗೆ ಏನು ಎಂದು ಯೋಚಿಸಲು ನಾನು ಎಐ ಸಹಾಯಕವನ್ನು ಕೇಳತೊಡಗಿದೆ. ಉತ್ತರ ಚೆನ್ನಾಗಿಯೇ ಕೊಡುತ್ತಿತ್ತು. ಆದರೆ ಮರುದಿನ ಹೊಸದಾಗಿ ಮಾತು ಶುರು ಮಾಡಿದರೆ ನಾನು ಯಾರೋ, ಅತ್ತೆ ಯಾರೋ! "ಅವರಿಗೆ ಸಲ್ಫಾ ಔಷಧಿ ಆಗಿಬರುವುದಿಲ್ಲ" ಎಂದು ಎಷ್ಟು ಸಲ ಟೈಪ್ ಮಾಡಿದೆನೋ. ಒಂದು ದಿನ ಹೇಳಲು ಮರೆತರೆ ಏನು ಗತಿ ಎಂಬ ಭಯ ಬೇರೆ.

ಹೀಗೇಕೆ ಎಂದು ಮಗನನ್ನು ಕೇಳಿದೆ. ಅವನು ಹೇಳಿದ್ದು ಇಷ್ಟು: ನಾವು ಮಾತಾಡಿದ ಮಾತ್ರಕ್ಕೆ ಅದು ನಮ್ಮ ಬಗ್ಗೆ ಕಲಿತುಬಿಡುವುದಿಲ್ಲ. ಆ ಹೊತ್ತಿನಲ್ಲಿ ಅದರ ಮುಂದೆ ಎಷ್ಟು ಬರಹ ಇದೆಯೋ ಅಷ್ಟನ್ನು ನೋಡಿ ಉತ್ತರ ಕೊಡುತ್ತದೆ, ಅದಕ್ಕೂ ಒಂದು ಮಿತಿ ಇದೆ. ನೆನಪು ಬೇಕೆಂದರೆ ಎಲ್ಲೋ ಬರೆದಿಟ್ಟು, ಪ್ರತಿ ಸಲ ಅದರ ಮುಂದೆ ಇಡಬೇಕು. 2024ರ ಫೆಬ್ರವರಿಯಲ್ಲಿ ಚಾಟ್‌ಜಿಪಿಟಿಗೆ ನೆನಪಿನ ಸೌಲಭ್ಯ ಪ್ರಯೋಗವಾಗಿ ಬಂತು, ಅದೂ ಈ ಬಗೆಯದೇ. ಅದೇ ವರ್ಷದ ನವೆಂಬರಿನಲ್ಲಿ ಆಂಥ್ರೋಪಿಕ್ ಕಂಪನಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ ಮುಕ್ತ ವ್ಯವಸ್ಥೆಯನ್ನು ಪ್ರಕಟಿಸಿತು. ಅದರ ಮೂಲಕ ಎಐ ಸಹಾಯಕ ನಮ್ಮ ಕಂಪ್ಯೂಟರಿನಲ್ಲಿ ನಾವು ತೋರಿಸಿದ ಫೋಲ್ಡರನ್ನು ತೆರೆದು ಓದಬಹುದು, ನಾವು ಒಪ್ಪಿದರೆ ಬರೆಯಲೂಬಹುದು.

ಮಗ ನನ್ನ ಲ್ಯಾಪ್‌ಟಾಪಿಗೆ ಅಬ್ಸಿಡಿಯನ್ ಎಂಬ ಟಿಪ್ಪಣಿ ಬರೆಯುವ ಆ್ಯಪ್ ಹಾಕಿ ಅದಕ್ಕೆ ಜೋಡಿಸಿಕೊಟ್ಟ. ಟಿಪ್ಪಣಿಗಳೆಲ್ಲ ಸಾದಾ ಅಕ್ಷರದ ಫೈಲುಗಳು, ಆ್ಯಪ್ ಇಲ್ಲದೆಯೂ ತೆರೆಯುತ್ತವೆ. 'ಔಷಧಿ', 'ಊಟ', 'ಡಾಕ್ಟರು ಹೇಳಿದ್ದು' ಎಂದು ಮೂರು ಟಿಪ್ಪಣಿ ಮಾಡಿದೆ. ಈಗ ಮಾತು ಶುರು ಮಾಡುವಾಗ ಅದು ಮೊದಲು ಅವನ್ನು ಓದುತ್ತದೆ, ಮುಗಿಸುವಾಗ ಹೊಸದನ್ನು ಬರೆದಿಡುತ್ತದೆ. ಸಲ್ಫಾ ಮಾತನ್ನು ಮತ್ತೆ ಹೇಳಬೇಕಾಗಿ ಬಂದಿಲ್ಲ. ದೊಡ್ಡ ಭಾರ ಇಳಿದಂತಾಯಿತು.

ಇಲ್ಲಿಗೆ ಮುಗಿಸಿದರೆ ಇದು ಜಾಹೀರಾತು ಆದೀತು. ಎರಡು ಸಂಗತಿ ನಡೆದವು, ಹೇಳಲೇಬೇಕು.

ಕಾಲು ಬಾವು ಬರುತ್ತದೆಂದು ಡಾಕ್ಟರು ಬಿಪಿಯ ಒಂದು ಮಾತ್ರೆ ನಿಲ್ಲಿಸಿ ಬೇರೆ ಕೊಟ್ಟರು. ನಾನು ಸಹಾಯಕಕ್ಕೆ ಹೇಳಿದೆ. ಮುಂದೆ ಅತ್ತೆಯ ಕಣ್ಣಿನ ಪೊರೆಯ ಆಪರೇಷನ್ನಿಗೆ ಮಾತ್ರೆಗಳ ಪಟ್ಟಿ ಕೇಳಿದಾಗ ಅದರಲ್ಲಿ ಎರಡೂ ಇದ್ದವು! ಹೊಸ ಸಾಲನ್ನು ಸೇರಿಸಿತ್ತು, ಹಳೆಯದನ್ನು ತೆಗೆದಿರಲಿಲ್ಲ. ಮಾತ್ರೆಯ ಪಟ್ಟಿಗಳನ್ನು ಮುಂದಿಟ್ಟುಕೊಂಡು ತಾಳೆ ನೋಡಿದ್ದರಿಂದ ಗೊತ್ತಾಯಿತು. ಬ್ಯಾಂಕಿನ ಅಭ್ಯಾಸ ಕಾಪಾಡಿತು.

ಎರಡನೆಯದು ನನ್ನದೇ ತಪ್ಪು. ಒಂದು ರಾತ್ರಿ ಅತ್ತೆ ರೊಟ್ಟಿ ಮುಟ್ಟದೆ ತಟ್ಟೆ ಸರಿಸಿದರು. ದಣಿದಿದ್ದೆ, ಸಿಟ್ಟಿನಲ್ಲಿ "ಊಟದ ವಿಷಯದಲ್ಲಿ ಇವರು ಬಹಳ ಹಠ" ಎಂದು ಟೈಪ್ ಮಾಡಿದೆ. ಮರುದಿನ ನಾನು ಮರೆತೆ, ಅದು ಮರೆಯಲಿಲ್ಲ. ಆಮೇಲೆ ಊಟದ ಬಗ್ಗೆ ಏನು ಕೇಳಿದರೂ ಹಠ ಮಾಡುವ ಹಿರಿಯರನ್ನು ಒಲಿಸುವುದು ಹೇಗೆ ಎಂಬ ಧಾಟಿಯಲ್ಲೇ ಸಲಹೆ. ಎರಡು ವಾರ ನಾನೂ ಹಾಗೆಯೇ ನಡೆದುಕೊಂಡೆ.

ಒಂದು ಮಧ್ಯಾಹ್ನ ಅತ್ತೆ ಪಕ್ಕಕ್ಕೆ ಬಂದು ಕೂತು, "ನನ್ನ ಬಗ್ಗೆ ಏನ್ ಬರದಿ ಅದರಾಗ? ಓದು ನೋಡೋಣ" ಎಂದರು. ಔಷಧಿ ಓದಿದೆ, ತಲೆಯಾಡಿಸಿದರು. ಊಟದ ಟಿಪ್ಪಣಿಯಲ್ಲಿ ಆ ಸಾಲಿಗೆ ಬಂದು ನಿಂತೆ. "ಮುಂದ?" ಎಂದರು. ಓದಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಠ ಅಲ್ಲವ್ವಾ ಅದು. ಹಲ್ಲು ನೋಯ್ತಾವ, ಅಗಿಯಾಕ ಆಗಂಗಿಲ್ಲ" ಎಂದರು.

ನನಗೆ ಮುಖ ಎತ್ತಲಾಗಲಿಲ್ಲ. ಆ ಸಾಲು ಅಳಿಸಿ ಅವರೆದುರಿಗೇ "ಹಲ್ಲು ನೋವು, ಮೆತ್ತಗಿನ ಊಟ ಬೇಕು, ದಂತವೈದ್ಯರಿಗೆ ತೋರಿಸಬೇಕು" ಎಂದು ಬರೆದೆ. ಆ ವಾರವೇ ತೋರಿಸಿದೆವು. ಯಂತ್ರವನ್ನು ಕೇಳಿದಷ್ಟು ಸಲ ನಾನು ಅವರನ್ನು ಕೇಳಿರಲಿಲ್ಲ.

ಅಂದಿನಿಂದ ಕೆಲವು ಪದ್ಧತಿ ಇಟ್ಟುಕೊಂಡಿದ್ದೇನೆ, ಉಪಯೋಗವಾದರೆ ನೀವೂ ಇಟ್ಟುಕೊಳ್ಳಿ. ಪ್ರತಿ ಸಾಲಿಗೂ ತಾರೀಖು ಇರಬೇಕು, ಯಾರು ಹೇಳಿದ್ದು ಎಂದಿರಬೇಕು. 'ಈಗ ತೆಗೆದುಕೊಳ್ಳುವ' ಮಾತ್ರೆ ಬೇರೆ, 'ನಿಲ್ಲಿಸಿದ' ಮಾತ್ರೆ ಬೇರೆ. ತಿಂಗಳ ಮೊದಲ ದಿನ ನಾನೂ ಅತ್ತೆಯೂ ಕೂತು ಎಲ್ಲವನ್ನೂ ಓದುತ್ತೇವೆ. ಅವರು ಬೇಡ ಎಂದದ್ದು ಅಳಿಸಿಹೋಗುತ್ತದೆ. ಔಷಧಿಯ ತೀರ್ಮಾನ ಡಾಕ್ಟರದೇ, ಎಐಯದಲ್ಲ. ಇನ್ನೊಂದು ಮಾತು: ಫೈಲು ನಮ್ಮ ಲ್ಯಾಪ್‌ಟಾಪಿನಲ್ಲಿ ಇದ್ದರೂ ಸಹಾಯಕ ಓದಿದ ಭಾಗ ಸಾಮಾನ್ಯವಾಗಿ ಆ ಕಂಪನಿಯ ಸರ್ವರಿಗೆ ಹೋಗುತ್ತದೆ. ಆದ್ದರಿಂದ ಆಧಾರ್ ನಂಬರು, ಬ್ಯಾಂಕ್ ಖಾತೆ, ಪಾಸ್‌ವರ್ಡು ಅಲ್ಲಿ ಬೇಡವೇ ಬೇಡ. ಅತ್ತೆಯ ಹೆಸರನ್ನೂ ನಾನು ಬರೆದಿಲ್ಲ.

ನೆನಪಿಡುವ ಎಐ ಬೇಡ ಎಂದು ನಾನು ಹೇಳುವುದಿಲ್ಲ, ನನಗೆ ಅದರಿಂದ ದಿನವೂ ಅನುಕೂಲವಿದೆ. ಯಾವುದನ್ನು ಬಳಸಿದರೂ ಅದು ನಿಮ್ಮ ಬಗ್ಗೆ, ನಿಮ್ಮ ಮನೆಯವರ ಬಗ್ಗೆ ಏನು ಬರೆದಿಟ್ಟಿದೆ ಎಂದು ತೆರೆದು ನೋಡಿ. ತೆರೆಯಲು, ತಿದ್ದಲು, ಅಳಿಸಲು ಬಿಡದ ನೆನಪನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ. ನಮ್ಮ ಗೋಡೆಯ ಕ್ಯಾಲೆಂಡರ್ ಇನ್ನೂ ಅಲ್ಲೇ ಇದೆ. ಅತ್ತೆಯ ದಂತವೈದ್ಯರ ಮುಂದಿನ ತಾರೀಖನ್ನು ಅವರೇ, ನಡುಗುವ ಕೈಯಲ್ಲಿ, ಅದರ ಮೇಲೆ ಬರೆದಿದ್ದಾರೆ.