ಕಾನೂನು ತರಗತಿಯೊಳಗಿನ ಇಂಗ್ಲಿಷ್

ಪುಣೆಯ ಖರಾಡಿಯಲ್ಲಿ ಐಟಿ ಪಾರ್ಕುಗಳು ಎದ್ದಿರುವ ನೆಲದ ಹಕ್ಕು ಯಾರದೆಂದು ನೋಡಬೇಕಾದರೆ ವಕೀಲರು ಮರಾಠಿಯ ಸಾತ್‌ಬಾರಾ ಉತಾರ ಎಂಬ ಭೂದಾಖಲೆ ಓದಬೇಕು. ಅದೇ ನೆಲದ ಮೇಲಿನ ಕಂಪನಿಗಳ ಕರಾರು ಓದಲು ಇಂಗ್ಲಿಷ್ ಬೇಕು. ವ್ಯಾಜ್ಯ ಹುಟ್ಟುವ ಕೆಳ ನ್ಯಾಯಾಲಯದ ಭಾಷೆ ಮರಾಠಿ, ಅಪೀಲು ಹೋಗುವ ಹೈಕೋರ್ಟಿನದು ಇಂಗ್ಲಿಷ್. ಕರ್ನಾಟಕದಲ್ಲಿ ಮರಾಠಿಯ ಜಾಗದಲ್ಲಿ ಕನ್ನಡವಿದೆ, ಅಷ್ಟೇ ವ್ಯತ್ಯಾಸ. 2009ರಲ್ಲಿ ಹುಬ್ಬಳ್ಳಿಯಲ್ಲಿ ಸ್ಥಾಪನೆಯಾದ ರಾಜ್ಯ ಕಾನೂನು ವಿಶ್ವವಿದ್ಯಾಲಯ ಕನ್ನಡದಲ್ಲಿ ಉತ್ತರ ಬರೆಯಲು ಅವಕಾಶ ಕೊಟ್ಟಿದೆ. ಹಾಗೆ ಬರೆಯುವವರು ಇಂಗ್ಲಿಷನ್ನು ಕಡ್ಡಾಯ ವಿಷಯವಾಗಿ ಓದಬೇಕೆಂದು ವಕೀಲರ ಪರಿಷತ್ತಿನ 2008ರ ನಿಯಮಗಳು ಹೇಳುತ್ತವೆ. ಈ ಇಂಗ್ಲಿಷನ್ನು ಕಾನೂನಿನ ಪಾಠದಿಂದ ಬೇರ್ಪಡಿಸಿ, ವ್ಯಾಕರಣವಾಗಿಯೋ ಸ್ಪೋಕನ್ ಇಂಗ್ಲಿಷಾಗಿಯೋ ಕಲಿಸಿದರೆ ಪ್ರಯೋಜನವಿಲ್ಲ ಎಂಬುದು ನನ್ನ ವಾದ. ಅದನ್ನು ಕಲಂ ಮತ್ತು ತೀರ್ಪುಗಳ ಓದಿನಲ್ಲೇ, ಕನ್ನಡವನ್ನು ಜೊತೆಗಿಟ್ಟುಕೊಂಡು ಕಲಿಸಬೇಕು.

ತೊಡಕು ಇರುವುದು ಪದಗಳಿಗಿಂತ ಹೆಚ್ಚಾಗಿ ವಾಕ್ಯದ ಕಟ್ಟಿನಲ್ಲಿ. ನರಹತ್ಯೆ ಯಾವಾಗ ಕೊಲೆಯಾಗುತ್ತದೆಂದು ಹೇಳುವ ಭಾರತೀಯ ನ್ಯಾಯ ಸಂಹಿತೆಯ 101ನೇ ಕಲಮನ್ನೇ ನೋಡಿ. ಮೊದಲು ನಿರ್ಣಯ, ಅದರ ಹಿಂದೆ ನಾಲ್ಕು ಸಂದರ್ಭಗಳು, ಆಮೇಲೆ ಐದು ವಿನಾಯಿತಿಗಳು, ಒಂದೊಂದು ವಿನಾಯಿತಿಗೂ ಅದರದೇ ಷರತ್ತು. ಕನ್ನಡದಲ್ಲಿ ಷರತ್ತುಗಳೆಲ್ಲ ಮೊದಲು ಬಂದು ಕ್ರಿಯಾಪದ ಕೊನೆಗೆ ನಿಲ್ಲುತ್ತದೆ. ಆ ಕ್ರಮದಲ್ಲಿ ಯೋಚಿಸುವ ವಿದ್ಯಾರ್ಥಿಗೆ ಯಾವ ಷರತ್ತು ಯಾವ ಮಾತಿಗೆ ಅಂಟಿದೆ ಎಂಬುದು ಕೈತಪ್ಪುತ್ತದೆ. ಅವನಿಗೆ ಕಾನೂನು ತಿಳಿಯಲಿಲ್ಲ ಎಂದು ನಾವು ಅಂಕ ಕಳೆಯುತ್ತೇವೆ. ಇದು ಅನ್ಯಾಯ. ಕಲಮನ್ನು ಬಿಡಿಸಿ, ಕಕ್ಷಿದಾರರಿಗೆ ಹೇಳುವಂತೆ ಕನ್ನಡದಲ್ಲಿ ಹೇಳಿಸಿ, ಮತ್ತೆ ಇಂಗ್ಲಿಷಿನಲ್ಲಿ ಬರೆಸಿದರೆ ಈ ಗಂಟು ಸಡಿಲವಾಗುತ್ತದೆ. ಇದಕ್ಕೆ ಹೊಸ ಪಠ್ಯವೂ ಬೇಡ. ಮೆಕಾಲೆಯ ಆಯೋಗ ರೂಪಿಸಿದ ಹಳೆಯ ದಂಡ ಸಂಹಿತೆಯಲ್ಲಿದ್ದಂತೆ ಈಗಿನ ನ್ಯಾಯ ಸಂಹಿತೆಯಲ್ಲೂ 1872ರ ಕರಾರು ಕಾಯ್ದೆಯಲ್ಲೂ ಕಲಮಿನ ಕೆಳಗೇ ದೃಷ್ಟಾಂತಗಳಿವೆ. ಸಣ್ಣ ಸಣ್ಣ ವಾಕ್ಯಗಳ ಪುಟ್ಟ ಕಥೆಗಳು ಅವು. ಅಲ್ಲಿಂದ ಕಲಮಿಗೆ ಏರುವುದು ಸುಲಭ. ಪರೀಕ್ಷೆಯ ಅವಸರದಲ್ಲಿ ಮೊದಲು ಬಿಟ್ಟುಹೋಗುವುದೂ ಅವೇ.

ಕನ್ನಡ ನ್ಯಾಯಾಲಯದ ಭಾಷೆಯಾಗಬೇಕೆನ್ನುವವರು ಇಂಗ್ಲಿಷಿಗೆ ಇಷ್ಟು ಆರೈಕೆ ಏಕೆಂದು ಕೇಳಬಹುದು. ಸಂವಿಧಾನದ 348ನೇ ವಿಧಿಯಡಿ ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರಗಳ ಹೈಕೋರ್ಟುಗಳಲ್ಲಿ ಹಿಂದಿಗೆ ಅನುಮತಿಯಿದೆ. ಕನ್ನಡಕ್ಕೂ ಅದು ಸಿಗಲೇಬೇಕು. ಸಿಕ್ಕಿದ ಮೇಲೂ ದಶಕಗಳ ಪೂರ್ವನಿರ್ಣಯಗಳು ಇಂಗ್ಲಿಷಿನಲ್ಲೇ ಇರುತ್ತವೆ. ಅವನ್ನು ಕನ್ನಡದ ವಾದಕ್ಕೆ ತರುವವರು ಎರಡೂ ಬಲ್ಲವರೇ ಆಗಬೇಕು. ಯಂತ್ರಾನುವಾದ ಸಾಲದೇ ಎಂದರೆ, 2019ರಲ್ಲಿ ‘ಸುವಾಸ್’ ತಂತ್ರಾಂಶ ತಂದ ಸುಪ್ರೀಂ ಕೋರ್ಟೇ ತೀರ್ಪಿನ ಇಂಗ್ಲಿಷ್ ಪ್ರತಿಯನ್ನು ಮಾತ್ರ ಅಧಿಕೃತವೆಂದು ಹೇಳುತ್ತದೆ. ಗುಣಮಟ್ಟ ಕುಸಿಯುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಕನ್ನಡ ಮಾಧ್ಯಮದವರನ್ನು ಸೇರಿಸಿಕೊಂಡು, ಶುಲ್ಕ ಪಡೆದು, ಕಲಂ ಓದುವುದನ್ನು ಕಲಿಸದೆ ಪದವಿ ಕೊಡುವುದರಿಂದಲೇ ಗುಣಮಟ್ಟ ಕುಸಿಯುವುದು. ಅದರ ನಷ್ಟ ಬೀಳುವುದು ಅಪೀಲು ಕಳೆದುಕೊಳ್ಳುವ ಕಕ್ಷಿದಾರರ ಮೇಲೆ.

ಮೊದಲ ವರ್ಷದ ಕರಾರು ಕಾಯ್ದೆಯ ಪಾಠದಲ್ಲಿ ವಾರಕ್ಕೊಂದು ಗಂಟೆಯನ್ನು ಕಾನೂನಿನ ಅಧ್ಯಾಪಕರೂ ಇಂಗ್ಲಿಷ್ ಅಧ್ಯಾಪಕರೂ ಕೂಡಿ ನಡೆಸಲಿ. ಬರುವ ಶೈಕ್ಷಣಿಕ ವರ್ಷದಿಂದಲೇ ಇದನ್ನು ಶುರು ಮಾಡಿ ಎಂದು ಕಾನೂನು ಕಾಲೇಜುಗಳ ಪ್ರಾಂಶುಪಾಲರನ್ನು ಕೇಳಿಕೊಳ್ಳುತ್ತೇನೆ.